ಆಕಾಶಕ್ಕೆ ಸುರಿದ ಹಣವೇ? ಬಾಹ್ಯಾಕಾಶ ವಿಜ್ಞಾನದ ವೆಚ್ಚವನ್ನು ಅಳೆಯುವ ಬಗೆ

1969ರ ಜುಲೈ 15ರಂದು, ಅಪೋಲೊ 11 ಚಂದ್ರನತ್ತ ಹೊರಡಲು ಒಂದು ದಿನವಷ್ಟೇ ಬಾಕಿಯಿದ್ದಾಗ, ಫ್ಲಾರಿಡಾದ ಉಡಾವಣಾ ಕೇಂದ್ರದ ಹೊರಗೆ ಒಂದು ಪ್ರತಿಭಟನೆ ನಡೆಯಿತು. ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಮುಂದಾಳು ರಾಲ್ಫ್ ಅಬರ್ನಥಿ ಬಡ ಕುಟುಂಬಗಳನ್ನೂ ಹೇಸರಗತ್ತೆ ಹೂಡಿದ ಗಾಡಿಗಳನ್ನೂ ಕರೆತಂದಿದ್ದರು. ದೇಶದಲ್ಲಿ ಹಸಿವೆ ಇರುವಾಗ ಚಂದ್ರನಿಗೆ ಹೋಗಲು ಇಷ್ಟೊಂದು ಹಣ ಏಕೆ ಎಂಬುದು ಅವರ ಪ್ರಶ್ನೆ. ಆಗ ನಾಸಾ ಮುಖ್ಯಸ್ಥರಾಗಿದ್ದ ಥಾಮಸ್ ಪೇನ್ ಹೊರಬಂದು ಅವರ ಮಾತು ಕೇಳಿದರು. ಮರುದಿನ ರಾಕೆಟ್ಟಿನ ಗುಂಡಿ ಒತ್ತದೆ ಇರುವುದರಿಂದ ಬಡತನ ನೀಗುವುದಾದರೆ ತಾವು ಆ ಗುಂಡಿಯನ್ನು ಒತ್ತುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು, ಬಂದವರಲ್ಲಿ ಕೆಲವರಿಗೆ ಉಡಾವಣೆ ನೋಡಲು ಜಾಗವನ್ನೂ ಮಾಡಿಕೊಟ್ಟರು.

ಪೇನ್ ಅವರ ಉತ್ತರದಲ್ಲಿ ಪ್ರಾಮಾಣಿಕತೆ ಇತ್ತು, ಆದರೆ ಅದು ಪೂರ್ಣವಾದ ಉತ್ತರವಾಗಿರಲಿಲ್ಲ. ಒಂದು ವೆಚ್ಚವನ್ನು ನಿಲ್ಲಿಸಿದ ಮಾತ್ರಕ್ಕೆ ಬಡತನ ನೀಗುವುದಿಲ್ಲ ಎಂಬುದು ನಿಜವಾದರೂ, ಅದರಿಂದ ಆ ವೆಚ್ಚ ಸರಿಯೆಂದು ಸಿದ್ಧವಾಗುವುದಿಲ್ಲ. ತೆರಿಗೆಯ ಹಣ ಯಾವುದಕ್ಕೇ ಹೋಗಲಿ, ಅದೇ ಹಣದಿಂದ ಮಾಡಬಹುದಾಗಿದ್ದ ಬೇರೆ ಕೆಲಸದ ಎದುರು ಅದನ್ನು ತೂಗಿ ನೋಡಬೇಕಾದದ್ದು ನ್ಯಾಯ. ಬಾಹ್ಯಾಕಾಶ ವಿಜ್ಞಾನವನ್ನು ಪ್ರೀತಿಸುವವರು ಈ ತೂಕಕ್ಕೆ ಹಿಂಜರಿಯಬೇಕಾಗಿಲ್ಲ ಎಂಬುದು ನನ್ನ ನಂಬಿಕೆ. ಆದರೆ ಅವರು ಸಾಮಾನ್ಯವಾಗಿ ತಕ್ಕಡಿಯಲ್ಲಿ ಇಡುವ ಬಟ್ಟುಗಳು ಸರಿಯಾದವಲ್ಲ.

ಪ್ರಶ್ನೆ ಈಗ ಮತ್ತೆ ಮುನ್ನೆಲೆಗೆ ಬಂದಿದೆ. 2025ರಲ್ಲಿ ಅಮೆರಿಕದ ಸರ್ಕಾರವು 2026ರ ಆರ್ಥಿಕ ವರ್ಷಕ್ಕೆ ಮುಂದಿಟ್ಟ ಪ್ರಸ್ತಾವದಲ್ಲಿ ನಾಸಾದ ವಿಜ್ಞಾನ ವಿಭಾಗದ ಅನುದಾನವನ್ನು ಸುಮಾರು 730 ಕೋಟಿ ಡಾಲರುಗಳಿಂದ 390 ಕೋಟಿಗೆ, ಎಂದರೆ ಹೆಚ್ಚುಕಡಿಮೆ ಅರ್ಧಕ್ಕೆ, ಇಳಿಸುವ ಮಾತಿತ್ತು. ಸಂಸತ್ತಿನ ಎರಡೂ ಸದನಗಳ ಅನುದಾನ ಸಮಿತಿಗಳು ಅಷ್ಟು ದೊಡ್ಡ ಕಡಿತವನ್ನು ಒಪ್ಪಲಿಲ್ಲ. ಆದರೂ ಜಗತ್ತಿನಲ್ಲಿ ಈ ಕ್ಷೇತ್ರಕ್ಕೆ ಅತಿ ಹೆಚ್ಚು ಹಣ ನೀಡುವ ದೇಶವೇ ಇಂಥ ಪ್ರಸ್ತಾವವನ್ನು ಮೇಜಿನ ಮೇಲಿಟ್ಟಿತು ಎಂಬುದನ್ನು ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬಾಹ್ಯಾಕಾಶಕ್ಕೆ ಸರ್ಕಾರಗಳು ಮಾಡುವ ವೆಚ್ಚವೆಲ್ಲವೂ ಬಾಹ್ಯಾಕಾಶ ವಿಜ್ಞಾನದ ವೆಚ್ಚವಲ್ಲ. 2024ರಲ್ಲಿ ಜಗತ್ತಿನ ಸರ್ಕಾರಗಳೆಲ್ಲ ಸೇರಿ ಬಾಹ್ಯಾಕಾಶಕ್ಕೆ ಸುಮಾರು 13,500 ಕೋಟಿ ಡಾಲರ್ ವ್ಯಯಿಸಿದವು ಎಂಬ ಅಂದಾಜಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ರಕ್ಷಣಾ ವೆಚ್ಚ. ಉಳಿದುದರಲ್ಲಿ ಸಂವಹನ, ಪಥದರ್ಶನ, ಹವಾಮಾನ ಮುನ್ಸೂಚನೆ, ರಾಕೆಟ್ ತಯಾರಿಕೆ, ಗಗನಯಾತ್ರಿಗಳ ಯಾನ ಇವೆಲ್ಲ ಬರುತ್ತವೆ. ಗ್ರಹಗಳನ್ನೂ ಸೂರ್ಯನನ್ನೂ ನಕ್ಷತ್ರಗಳನ್ನೂ, ಮೇಲಿನಿಂದ ಭೂಮಿಯನ್ನೂ ಅರಿಯುವುದಕ್ಕಾಗಿಯೇ ಮೀಸಲಾದ ಹಣ ಇದರ ಒಂದು ಸಣ್ಣ ಪಾಲು ಮಾತ್ರ. ಅಮೆರಿಕದ ಆ 730 ಕೋಟಿಯನ್ನು ಅಲ್ಲಿನ ಜನಸಂಖ್ಯೆಗೆ ಹಂಚಿದರೆ ತಲೆಗೆ ವರ್ಷಕ್ಕೆ ಇಪ್ಪತ್ತೆರಡು ಡಾಲರ್ ಆಸುಪಾಸಿನಲ್ಲಿ ನಿಲ್ಲುತ್ತದೆ. 1966ರಲ್ಲಿ ಚಂದ್ರಯಾನದ ಸಿದ್ಧತೆ ಉತ್ತುಂಗದಲ್ಲಿದ್ದಾಗ ನಾಸಾದ ಒಟ್ಟು ವೆಚ್ಚ ಕೇಂದ್ರ ಬಜೆಟ್ಟಿನ ಶೇ 4.4ರಷ್ಟಿತ್ತು, ಈಗ ವಿಜ್ಞಾನವೂ ಯಾನವೂ ಎಲ್ಲ ಸೇರಿ ಶೇ 0.5ನ್ನೂ ಮುಟ್ಟುವುದಿಲ್ಲ. ಮೊತ್ತ ಚಿಕ್ಕದು ಎಂಬುದೇ ಸಮರ್ಥನೆಯಲ್ಲ, ಚಿಕ್ಕ ಮೊತ್ತವೂ ಪೋಲಾಗಬಹುದು. ಆದರೆ ನಾವು ವಾದಿಸುತ್ತಿರುವುದು ಎಷ್ಟರ ಬಗ್ಗೆ ಎಂಬುದು ಕಣ್ಣ ಮುಂದಿರಬೇಕು.

ಈಗ ತಪ್ಪು ಬಟ್ಟುಗಳ ಮಾತಿಗೆ ಬರೋಣ. ಬಾಹ್ಯಾಕಾಶ ಸಂಸ್ಥೆಗಳು ಆಗಾಗ್ಗೆ ತಮ್ಮ ಆರ್ಥಿಕ ಪ್ರಭಾವದ ವರದಿಗಳನ್ನು ಹೊರತರುತ್ತವೆ. 2023ರ ಆರ್ಥಿಕ ವರ್ಷದಲ್ಲಿ ತನ್ನ ಚಟುವಟಿಕೆಗಳಿಂದ ದೇಶದಲ್ಲಿ 7,500 ಕೋಟಿ ಡಾಲರಿಗೂ ಮಿಕ್ಕಿದ ಆರ್ಥಿಕ ವಹಿವಾಟು ಉಂಟಾಯಿತೆಂದು ನಾಸಾ ಲೆಕ್ಕ ಕೊಟ್ಟಿತ್ತು; ಆ ವರ್ಷ ಅದಕ್ಕೆ ಸಿಕ್ಕ ಅನುದಾನ 2,540 ಕೋಟಿ. ಒಂದಕ್ಕೆ ಮೂರು ಎಂದು ಕೇಳಲು ಹಿತವಾಗಿದೆ. ಆದರೆ ಈ ಬಗೆಯ ಲೆಕ್ಕದಲ್ಲಿ ಸಂಬಳ ಪಡೆದವನು ಮಾಡುವ ಖರೀದಿ, ಗುತ್ತಿಗೆದಾರ ತನ್ನ ಪೂರೈಕೆದಾರನಿಗೆ ಕೊಡುವ ಹಣ ಹೀಗೆ ಸುತ್ತುವ ದುಡ್ಡನ್ನೆಲ್ಲ ಕೂಡಿಸಲಾಗಿರುತ್ತದೆ. ಅಷ್ಟೇ ಹಣವನ್ನು ರಸ್ತೆಗೋ ಶಾಲೆಗೋ ಹಾಕಿದ್ದರೂ ಅದು ಹಾಗೆಯೇ ಸುತ್ತುತ್ತಿತ್ತು. 'ಹಣವನ್ನು ರಾಕೆಟ್ಟಿನಲ್ಲಿ ತುಂಬಿ ಮೇಲೆ ಕಳಿಸುವುದಿಲ್ಲ, ಅದು ಭೂಮಿಯ ಮೇಲೆಯೇ ಖರ್ಚಾಗುತ್ತದೆ' ಎಂಬ ಜನಪ್ರಿಯ ಮಾತಿಗೂ ಇದೇ ಕೊರತೆಯಿದೆ. ಅದು ನಿಜ, ಆದರೆ ಯಾವ ಸರ್ಕಾರಿ ವೆಚ್ಚದ ಬಗ್ಗೆ ಅದನ್ನು ಹೇಳಲಾಗುವುದಿಲ್ಲ?

ಎರಡನೆಯ ಬಟ್ಟು ಉಪೋತ್ಪನ್ನಗಳದು. ಟೆಫ್ಲಾನ್, ವೆಲ್ಕ್ರೊ, ಟ್ಯಾಂಗ್ ಪಾನೀಯ ಇವೆಲ್ಲ ಬಾಹ್ಯಾಕಾಶ ಯೋಜನೆಯ ಕೊಡುಗೆಗಳೆಂದು ಇಂದಿಗೂ ಹೇಳುವವರಿದ್ದಾರೆ. ಮೂರರಲ್ಲಿ ಒಂದೂ ನಾಸಾದ ಆವಿಷ್ಕಾರವಲ್ಲ. ನಿಜವಾದ ಉದಾಹರಣೆಗಳು ಇಲ್ಲವೆಂದಲ್ಲ. ಗ್ರಹನೌಕೆಗಳ ಕ್ಯಾಮೆರಾಗಳನ್ನು ಪುಟ್ಟದಾಗಿಸುವ ಉದ್ದೇಶದಿಂದ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ರೂಪಿಸಿದ ಬಿಂಬಗ್ರಾಹಿ ಚಿಪ್ಪಿನ ವಂಶವೇ ಇಂದು ಕೈಯಲ್ಲಿರುವ ಮೊಬೈಲುಗಳ ಕ್ಯಾಮೆರಾಗಳಲ್ಲಿದೆ. ಸಿಡಿಯುವ ಪುಟ್ಟ ಕಪ್ಪುಕುಳಿಗಳ ರೇಡಿಯೊ ಮಿಡಿತವನ್ನು ಹುಡುಕಿ ವಿಫಲರಾದ ಆಸ್ಟ್ರೇಲಿಯಾದ ಎಂಜಿನಿಯರ್ ಜಾನ್ ಒ'ಸಲಿವನ್ ಅವರು ಅದಕ್ಕಾಗಿ ಬಳಸಿದ್ದ ಗಣಿತವನ್ನು, ಗೋಡೆಗಳಿಗೆ ಬಡಿದು ಕಲಸಿಹೋಗುವ ಸಂಕೇತಗಳನ್ನು ಬಿಡಿಸುವ ಕೆಲಸಕ್ಕೆ ತಿರುಗಿಸಿದರು. ವೈಫೈ ತಂತ್ರಜ್ಞಾನದ ಒಂದು ಮುಖ್ಯ ಪೇಟೆಂಟ್ ಹೀಗೆ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆಯದಾಯಿತು. ಈ ಕತೆಗಳನ್ನು ನಾನೂ ಮೆಚ್ಚುತ್ತೇನೆ. ಆದರೆ ಒಳ್ಳೆಯ ಕ್ಯಾಮೆರಾ ಬೇಕಿದ್ದರೆ ಕ್ಯಾಮೆರಾದ ಸಂಶೋಧನೆಗೇ ನೇರವಾಗಿ ಹಣ ಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ಈ ವಾದ ಅಲ್ಲಿಗೇ ನಿಲ್ಲುತ್ತದೆ. ಆಕಸ್ಮಿಕವಾಗಿ ಸಿಕ್ಕಿದ್ದನ್ನು ಉದ್ದೇಶವೆಂದು ತೋರಿಸಿ ಹಣ ಕೇಳುವುದು ವಿಜ್ಞಾನಕ್ಕೂ ಘನತೆಯಲ್ಲ.

ಸರಿಯಾದ ಸಮರ್ಥನೆ ಇನ್ನೂ ಸರಳವಾದುದು. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ನೆಲ್ಸನ್ 1959ರಲ್ಲಿ, ಕೆನೆತ್ ಆರೋ 1962ರಲ್ಲಿ ತೋರಿಸಿಕೊಟ್ಟಂತೆ, ಮೂಲ ವಿಜ್ಞಾನದ ಫಲವನ್ನು ಹಣ ಹಾಕಿದವನು ತನ್ನದಾಗಿಯೇ ಉಳಿಸಿಕೊಳ್ಳಲಾರ. ಒಮ್ಮೆ ತಿಳಿದದ್ದು ಎಲ್ಲರದೂ ಆಗುತ್ತದೆ, ಅದು ಯಾವ ಉಪಯೋಗಕ್ಕೆ ಯಾವಾಗ ಬರುತ್ತದೆಂದು ಮುಂಚಿತವಾಗಿ ಹೇಳಲೂ ಆಗುವುದಿಲ್ಲ. ಆದ್ದರಿಂದ ಸಮಾಜಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾರುಕಟ್ಟೆ ತಾನಾಗಿ ಒದಗಿಸುವುದಿಲ್ಲ. ಖಾಸಗಿ ಕಂಪನಿಗಳು ಇಂದು ರಾಕೆಟ್ಟುಗಳನ್ನು ಹಿಂದೆಂದಿಗಿಂತ ಅಗ್ಗವಾಗಿ ಹಾರಿಸುತ್ತಿವೆ, ಅದು ದೊಡ್ಡ ಸಾಧನೆಯೇ ಸರಿ. ಆದರೆ ಅವು ಹಾರಿಸುವುದು ಗಿರಾಕಿ ಇರುವ ಕಡೆಗೆ. ಶನಿಗ್ರಹದ ಉಂಗುರಗಳ ವಯಸ್ಸನ್ನು ಕೊಳ್ಳುವ ಗಿರಾಕಿ ಇಲ್ಲ.

ಈ ಅರಿವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ತೋರಿಸಲು ಒಂದು ನಿದರ್ಶನವನ್ನು ತುಸು ಹತ್ತಿರದಿಂದ ನೋಡೋಣ. ಶತಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ಆಚೆ ಕ್ವೇಸಾರ್ ಎಂಬ ಅತಿ ಉಜ್ವಲ ಗೆಲಕ್ಸಿ ಕೇಂದ್ರಗಳಿವೆ. ಅವು ಎಷ್ಟು ದೂರದಲ್ಲಿವೆಯೆಂದರೆ ನಮ್ಮ ಕಣ್ಣಿಗೆ ಅವುಗಳ ಚಲನೆ ಇಲ್ಲವೆಂದೇ ಹೇಳಬಹುದು. ಬೇರೆ ಬೇರೆ ಖಂಡಗಳಲ್ಲಿರುವ ಎರಡು ರೇಡಿಯೊ ತಟ್ಟೆಗಳು ಒಂದೇ ಕ್ವೇಸಾರಿನತ್ತ ಮುಖಮಾಡಿ, ಅಲ್ಲಿಂದ ಬರುವ ಬರಿಯ ಗೊರಗೊರ ಸದ್ದಿನಂಥ ಸಂಕೇತವನ್ನು ದಾಖಲಿಸುತ್ತವೆ. ಎರಡೂ ಕಡೆ ಪಕ್ಕದಲ್ಲಿ ಹೈಡ್ರೋಜನ್ ಪರಮಾಣು ಗಡಿಯಾರ ಪ್ರತಿ ಕ್ಷಣಕ್ಕೂ ಮೊಹರು ಒತ್ತುತ್ತಿರುತ್ತದೆ. ಆಮೇಲೆ ಎರಡು ದಾಖಲೆಗಳನ್ನೂ ಒಂದೆಡೆ ತಂದು, ಒಂದರ ಮೇಲೊಂದು ಸರಿಸುತ್ತ ಎಲ್ಲಿ ಅವು ಕರಾರುವಾಕ್ಕಾಗಿ ಕೂಡುತ್ತವೆ ಎಂದು ನೋಡಿದರೆ, ಅದೇ ಅಲೆ ಒಂದು ತಟ್ಟೆಗಿಂತ ಇನ್ನೊಂದಕ್ಕೆ ಎಷ್ಟು ತಡವಾಗಿ ತಲುಪಿತು ಎಂಬುದು ಸಿಗುತ್ತದೆ. ಆ ತಡದಿಂದ ಭೂಮಿ ಆ ಹೊತ್ತಿಗೆ ಎಷ್ಟು ತಿರುಗಿತ್ತು, ಅದರ ಅಕ್ಷ ಎತ್ತ ವಾಲಿತ್ತು ಎಂಬುದನ್ನು ಕಂಡುಕೊಳ್ಳುತ್ತಾರೆ.

ಇದರಿಂದ ಯಾರಿಗೇನು? ಭೂಮಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಗಾಳಿ, ಸಾಗರ, ಒಡಲಿನ ಕರಗಿದ ಲೋಹ ಇವೆಲ್ಲ ಅದನ್ನು ಸ್ವಲ್ಪ ಹಿಡಿಯುತ್ತವೆ, ಸ್ವಲ್ಪ ಬಿಡುತ್ತವೆ. ದಿನದ ಉದ್ದದಲ್ಲಿ ಮಿಲಿಸೆಕೆಂಡಿನ ಏರಿಳಿತವಿರುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಸಮಭಾಜಕದ ಮೇಲಿನ ನೆಲ ಸುಮಾರು 46 ಸೆಂಟಿಮೀಟರ್ ಸರಿಯುತ್ತದೆ. ಪಥದರ್ಶಕ ಉಪಗ್ರಹಗಳ ಕಕ್ಷೆ ಆಕಾಶದ ಚೌಕಟ್ಟಿನಲ್ಲಿರುತ್ತದೆ, ದಾರಿ ಹುಡುಕುವವನು ತಿರುಗುವ ನೆಲದ ಮೇಲಿರುತ್ತಾನೆ. ಕಕ್ಷೆಯೇ ಸರಿದಿದೆಯೋ ಕೆಳಗಿನ ಭೂಮಿ ಹೆಚ್ಚು ತಿರುಗಿದೆಯೋ ಎಂಬುದನ್ನು ಉಪಗ್ರಹಗಳ ಅಳತೆಯಿಂದಷ್ಟೇ ದೀರ್ಘಕಾಲ ಬೇರ್ಪಡಿಸಲಾಗುವುದಿಲ್ಲ. ಅದಕ್ಕೆ ಹೊರಗಿನ, ಅಲುಗದ ಗುರುತೊಂದು ಬೇಕು. ಆ ಗುರುತುಗಳೇ ಕ್ವೇಸಾರುಗಳು. 1960ರ ದಶಕದಲ್ಲಿ ಅವು ಏನೆಂದೇ ತಿಳಿಯದೆ ತಲೆಕೆಡಿಸಿಕೊಂಡಿದ್ದ ಖಗೋಳ ವಿಜ್ಞಾನಿಗಳಿಗೆ ತಮ್ಮ ಕೌತುಕ ಹಡಗು, ವಿಮಾನ, ಭೂಮಾಪನಗಳ ಅಡಿಪಾಯದ ಕಲ್ಲಾಗುತ್ತದೆಂಬ ಕಲ್ಪನೆಯೂ ಇರಲಾರದು. ಇದನ್ನು ಉಪೋತ್ಪನ್ನವೆಂದು ಕರೆಯಲು ನನಗೆ ಮನಸ್ಸಿಲ್ಲ. ಕ್ಯಾಮೆರಾದ ಚಿಪ್ಪನ್ನು ಬೇರೆ ದಾರಿಯಿಂದಲೂ ತಲುಪಬಹುದಿತ್ತು. ಕ್ವೇಸಾರನ್ನು ಆಕಾಶ ನೋಡದೆ ಪಡೆಯುವ ದಾರಿಯೇ ಇಲ್ಲ.

ಫಲ ಬರುವ ಅವಧಿಯೂ ಸರ್ಕಾರದ ಐದು ವರ್ಷಕ್ಕೆ ಹೊಂದುವಂಥದಲ್ಲ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜೂಲ್ ಜಾನ್ಸನ್ ಗುಂಟೂರಿಗೆ ಬಂದು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತವನ್ನು, ಎಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕನ್ನು, ಪರೀಕ್ಷಿಸಿದರು. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಸೂರ್ಯನ ರೋಹಿತದಲ್ಲಿ ಕಂಡ ಒಂದು ಹಳದಿ ಗೆರೆ ಆಗ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಸೂರ್ಯನ ಹೆಸರಿನಿಂದಲೇ ಹೀಲಿಯಂ ಎಂದು ಕರೆಯಲಾದ ಆ ಧಾತು ಭೂಮಿಯ ಮೇಲೆ ವಿಲಿಯಂ ರಾಮ್ಸೆ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ. ಅದನ್ನು ದ್ರವವಾಗಿಸಲು 1908 ಬರಬೇಕಾಯಿತು. ಆ ದ್ರವದ ಚಳಿಯಲ್ಲಿ ಅತಿವಾಹಕತೆ, ಎಂದರೆ ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯುವ ಗುಣ, ಕಂಡದ್ದು 1911ರಲ್ಲಿ. ಇವೆರಡನ್ನೂ ಕೂಡಿಸಿದ ಎಂಆರ್‌ಐ ಯಂತ್ರಗಳು ಆಸ್ಪತ್ರೆಗಳಿಗೆ ಕಾಲಿಟ್ಟದ್ದು 1980ರ ದಶಕದಲ್ಲಿ. ಗ್ರಹಣ ನೋಡದಿದ್ದರೂ ಹೀಲಿಯಂ ಎಂದಾದರೂ ಖನಿಜದಲ್ಲಿ ಸಿಗುತ್ತಿತ್ತು ಎಂಬುದನ್ನು ಒಪ್ಪಲೇಬೇಕು, ಹಾಗಾಗಿ ಎಂಆರ್‌ಐಗೆ ಆ ಗ್ರಹಣವೇ ಕಾರಣವೆನ್ನುವುದು ಅತಿಶಯೋಕ್ತಿ. ನಾನು ಹೇಳುತ್ತಿರುವುದು ಇಷ್ಟೇ: 1870ರಲ್ಲಿ ಯಾರಾದರೂ ಈ ವೆಚ್ಚದ ಪ್ರತಿಫಲವನ್ನು ಲೆಕ್ಕ ಹಾಕಿದ್ದರೆ ಸೊನ್ನೆ ಎಂದೇ ಬರೆಯುತ್ತಿದ್ದರು, ಆ ಸೊನ್ನೆ ಲೆಕ್ಕದ ಪ್ರಕಾರ ಸರಿಯಾಗಿಯೇ ಇರುತ್ತಿತ್ತು.

ಕೆಲವೊಮ್ಮೆ ಫಲ ಬೇಗನೆ ಬರುತ್ತದೆ, ಅದೂ ಯೋಜನೆಯಲ್ಲಿಲ್ಲದ ದಿಕ್ಕಿನಿಂದ. ಯುರೋಪ್ ಮತ್ತು ಅಮೆರಿಕ ಸೇರಿ 1995ರಲ್ಲಿ ಸೂರ್ಯನ ಅಧ್ಯಯನಕ್ಕೆಂದು ಕಳಿಸಿದ ಸೋಹೊ ನೌಕೆಗೆ ಎರಡು ವರ್ಷದ ಆಯುಸ್ಸನ್ನಷ್ಟೇ ಗೊತ್ತುಮಾಡಲಾಗಿತ್ತು. ಸೂರ್ಯಬಿಂಬವನ್ನು ಮರೆಮಾಡಿ ಸುತ್ತಲ ಕಾಂತಿವಲಯವನ್ನು ತೋರಿಸುವ ಅದರ ಉಪಕರಣ, ಸೂರ್ಯನಿಂದ ಸಿಡಿದು ಭೂಮಿಯತ್ತ ಬರುವ ಕಣಗಳ ಮೋಡಗಳನ್ನು ಮೊದಲೇ ಗುರುತಿಸಲು ಎಷ್ಟು ನೆರವಾಯಿತೆಂದರೆ, ಎರಡೂವರೆ ದಶಕ ಮೀರಿ ಮುನ್ಸೂಚನೆ ನೀಡುವವರು ಅದನ್ನೇ ನೆಚ್ಚಿಕೊಂಡಿದ್ದರು. 1989ರ ಮಾರ್ಚ್ 13ರಂದು ಇಂಥದೊಂದು ಸೌರ ಚಂಡಮಾರುತ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಕೆಡವಿ 60 ಲಕ್ಷ ಜನರನ್ನು ಸುಮಾರು ಒಂಬತ್ತು ತಾಸು ಕತ್ತಲಲ್ಲಿ ಇರಿಸಿತ್ತು. ಶುಕ್ರಗ್ರಹದ ಮೋಡಗಳನ್ನು ಅಧ್ಯಯನ ಮಾಡುತ್ತಿದ್ದ ಜೇಮ್ಸ್ ಹ್ಯಾನ್ಸನ್ ಭೂಮಿಯ ವಾತಾವರಣದತ್ತ ತಿರುಗಿ, 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಸಾಕ್ಷ್ಯ ನುಡಿದದ್ದೂ ಇದೇ ಬಗೆಯದು.

ಇನ್ನೊಂದು ಬಗೆಯ ವೆಚ್ಚವಿದೆ, ಅದನ್ನು ಹೂಡಿಕೆ ಎನ್ನುವುದಕ್ಕಿಂತ ವಿಮೆ ಎನ್ನುವುದು ಸರಿ. 2013ರ ಫೆಬ್ರುವರಿ 15ರಂದು ಸುಮಾರು 20 ಮೀಟರ್ ಅಡ್ಡಳತೆಯ ಕಲ್ಲೊಂದು ಸೂರ್ಯನ ದಿಕ್ಕಿನಿಂದ, ಯಾವ ದೂರದರ್ಶಕಕ್ಕೂ ಕಾಣದಂತೆ ಬಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಸಿಡಿದಾಗ ಒಡೆದ ಕಿಟಕಿ ಗಾಜುಗಳಿಂದಲೇ ಹೆಚ್ಚಿನವರು ಗಾಯಗೊಂಡರು. ಗಾಯಾಳುಗಳ ಸಂಖ್ಯೆ 1,500ರ ಆಸುಪಾಸಿನಲ್ಲಿತ್ತು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆದು, ಅದು ತನ್ನ ಹಿರಿಯ ಜೊತೆಗಾರನನ್ನು ಸುತ್ತುವ ಅವಧಿಯನ್ನು ಅರ್ಧ ತಾಸಿಗಿಂತ ಹೆಚ್ಚು ತಗ್ಗಿಸಿತು. ಮನುಷ್ಯರು ಒಂದು ಆಕಾಶಕಾಯದ ಚಲನೆಯನ್ನು ಉದ್ದೇಶಪೂರ್ವಕವಾಗಿ ಬದಲಿಸಿದ್ದು ಅದೇ ಮೊದಲು. ಖರ್ಚು 32.5 ಕೋಟಿ ಡಾಲರಿನ ಆಸುಪಾಸು. 140 ಮೀಟರಿಗಿಂತ ದೊಡ್ಡದಾದ, ಭೂಮಿಯ ಬಳಿ ಸುಳಿಯುವ ಕಲ್ಲುಗಳಲ್ಲಿ ಶೇ 90ರಷ್ಟನ್ನು 2020ರೊಳಗೆ ಗುರುತಿಸಬೇಕೆಂದು ಅಮೆರಿಕದ ಸಂಸತ್ತು 2005ರಲ್ಲೇ ಗುರಿ ಹಾಕಿಕೊಟ್ಟಿತ್ತು. ಆ ಗಡುವು ಬಂದಾಗ ಅರ್ಧದಷ್ಟೂ ಆಗಿರಲಿಲ್ಲ. ಯಾವ ಕಂಪನಿಯೂ ಈ ಕೆಲಸವನ್ನು ಲಾಭಕ್ಕೆ ಮಾಡುವುದಿಲ್ಲ, ಯಾವ ಒಂದು ದೇಶದ ಮೇಲೆ ಕಲ್ಲು ಬೀಳುತ್ತದೆಂದು ಹೇಳಲಾಗದ ಕಾರಣ ಪ್ರತಿ ದೇಶವೂ ಇನ್ನೊಂದರತ್ತ ನೋಡುತ್ತದೆ.

ಇಷ್ಟು ಹೇಳಿದ ಮೇಲೆ, ವಿರೋಧಿಗಳ ಬಲವಾದ ವಾದವನ್ನೂ ಅಷ್ಟೇ ಗಂಭೀರವಾಗಿ ಎತ್ತಿಕೊಳ್ಳಬೇಕು. ಬಾಹ್ಯಾಕಾಶ ಯೋಜನೆಗಳು ಹೇಳಿದ ಬೆಲೆಗೆ, ಹೇಳಿದ ಕಾಲಕ್ಕೆ ಮುಗಿಯುವುದು ಅಪರೂಪ. ಜೇಮ್ಸ್ ವೆಬ್ ದೂರದರ್ಶಕಕ್ಕೆ ಆರಂಭದಲ್ಲಿ ಹೇಳಿದ ಅಂದಾಜು ನೂರು ಕೋಟಿ ಡಾಲರಿನ ಆಸುಪಾಸಿನದು, ಕಡೆಗೆ ತಗುಲಿದ್ದು ಸುಮಾರು ಸಾವಿರ ಕೋಟಿ. ಈ ಶತಮಾನದ ಮೊದಲ ದಶಕದಲ್ಲೇ ಹಾರಬೇಕಿದ್ದ ಅದು ಹಾರಿದ್ದು 2021ರ ಡಿಸೆಂಬರ್ 25ರಂದು. 2010ರಲ್ಲಿ ಅದನ್ನು ಪರಿಶೀಲಿಸಿದ ಸ್ವತಂತ್ರ ಸಮಿತಿ ಕಂಡುಕೊಂಡದ್ದು ಕುತೂಹಲಕರವಾಗಿತ್ತು: ತಂತ್ರಜ್ಞಾನದಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಬಜೆಟ್ ಅಂದಾಜಿನಲ್ಲಿ ಮತ್ತು ನಿರ್ವಹಣೆಯಲ್ಲಿ. ಅಂದಾಜನ್ನು ಮೊದಲಿಗೆ ಕಡಿಮೆ ಹೇಳಿ ಯೋಜನೆಗೆ ಒಪ್ಪಿಗೆ ಪಡೆಯುವುದು, ಆಮೇಲೆ ಅರ್ಧ ಕಟ್ಟಿದ್ದನ್ನು ಬಿಡಲಾಗದೆಂದು ಇನ್ನಷ್ಟು ಕೇಳುವುದು ಈ ಕ್ಷೇತ್ರದ ಹಳೆಯ ರೋಗ. ಇದಕ್ಕೆ ಬೆಲೆ ತೆರುವುದು ತೆರಿಗೆದಾರ ಒಬ್ಬನೇ ಅಲ್ಲ. ಒಂದು ದೈತ್ಯ ಯೋಜನೆ ಉಬ್ಬಿದಷ್ಟೂ, ಅದೇ ಅನುದಾನದಲ್ಲಿ ಬದುಕಬೇಕಾದ ಹತ್ತು ಸಣ್ಣ ಯೋಜನೆಗಳು ಸೊರಗುತ್ತವೆ. ಮಂಗಳದ ಮಣ್ಣನ್ನು ಭೂಮಿಗೆ ತರುವ ಯೋಜನೆಯ ವೆಚ್ಚ 1,100 ಕೋಟಿ ಡಾಲರಿಗೆ ಮುಟ್ಟುತ್ತದೆ, ಮಣ್ಣು ಕೈಸೇರಲು 2040 ಬರಬೇಕಾಗುತ್ತದೆ ಎಂದು 2024ರಲ್ಲಿ ನಾಸಾವೇ ಒಪ್ಪಿ, ಅಗ್ಗದ ದಾರಿ ಹುಡುಕಲು ಹೊರಟಿತು. ಇಂಥ ಕಡೆ 'ಬೇಡ' ಎನ್ನುವವರು ವಿಜ್ಞಾನದ ಶತ್ರುಗಳಲ್ಲ.

ಮನುಷ್ಯರನ್ನು ಕಳಿಸುವ ಯಾನಗಳ ಖರ್ಚನ್ನು ವಿಜ್ಞಾನದ ಖಾತೆಗೆ ಬರೆಯುವುದೂ ತಪ್ಪು. ಚಂದ್ರನಿಗೆ ಮತ್ತೆ ಗಗನಯಾತ್ರಿಗಳನ್ನು ಕಳಿಸುವ ಆರ್ಟೆಮಿಸ್ ಯೋಜನೆಯ ಮೊದಲ ಕೆಲವು ಉಡಾವಣೆಗಳಿಗೆ ತಲಾ 410 ಕೋಟಿ ಡಾಲರ್ ತಗುಲುತ್ತದೆಂದು ನಾಸಾದ ಮಹಾ ತಪಾಸಣಾಧಿಕಾರಿಯೇ 2022ರಲ್ಲಿ ಹೇಳಿದ್ದರು. ಪ್ಲೂಟೊವರೆಗೆ ಹೋದ ನ್ಯೂ ಹೊರೈಜನ್ಸ್ ನೌಕೆಯ ಒಟ್ಟು ವೆಚ್ಚ ಸುಮಾರು 70 ಕೋಟಿ. ಎಂದರೆ ಅಂಥ ಒಂದೇ ಉಡಾವಣೆಯ ಹಣದಲ್ಲಿ ಐದಾರು ನ್ಯೂ ಹೊರೈಜನ್ಸ್ ಹೊರಡಬಹುದಿತ್ತು. ಮಾನವ ಯಾನಕ್ಕೆ ರಾಷ್ಟ್ರದ ಪ್ರತಿಷ್ಠೆ, ಸಾಹಸ, ರಾಜತಾಂತ್ರಿಕತೆಯಂಥ ಬೇರೆ ಕಾರಣಗಳಿರಬಹುದು, ಅವನ್ನು ಆ ಹೆಸರಿನಿಂದಲೇ ಚರ್ಚಿಸಿದರೆ ಎಲ್ಲರಿಗೂ ಒಳ್ಳೆಯದು.

ಹಾಗಾದರೆ ಹಣ ಒಳ್ಳೆಯ ರೀತಿಯಲ್ಲಿ ಹೇಗೆ ಖರ್ಚಾಗುತ್ತದೆ? ಕೆಪ್ಲರ್ ದೂರದರ್ಶಕದ ಕತೆ ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ನಿದರ್ಶನ. ಬೇರೆ ನಕ್ಷತ್ರದ ಮುಂದೆ ಭೂಮಿಯಷ್ಟು ಗಾತ್ರದ ಗ್ರಹ ಹಾದುಹೋದರೆ ಆ ನಕ್ಷತ್ರದ ಬೆಳಕು ಹತ್ತು ಲಕ್ಷದಲ್ಲಿ ಸುಮಾರು 84 ಪಾಲಿನಷ್ಟು ಮಂಕಾಗುತ್ತದೆ. ಅಷ್ಟು ಸೂಕ್ಷ್ಮ ಬದಲಾವಣೆಯನ್ನು ಬಾಹ್ಯಾಕಾಶದಿಂದ ಅಳೆಯಬಹುದೆಂದು ನಾಸಾದ ವಿಜ್ಞಾನಿ ವಿಲಿಯಂ ಬೊರುಕಿ 1992ರಲ್ಲಿ ಪ್ರಸ್ತಾವ ಮಂಡಿಸಿದಾಗ ಅದು ತಿರಸ್ಕೃತವಾಯಿತು. 1994ರಲ್ಲಿ, 1996ರಲ್ಲಿ, 1998ರಲ್ಲಿ ಮತ್ತೆ ಮತ್ತೆ ತಿರಸ್ಕೃತವಾಯಿತು. ಪ್ರತಿ ಸಲವೂ ಪರಿಶೀಲಕರು ಒಂದು ನಿರ್ದಿಷ್ಟ ಸಂಶಯವನ್ನು ಎತ್ತಿದರು, ಪ್ರತಿ ಸಲವೂ ಬೊರುಕಿ ಅವರ ತಂಡ ಅದಕ್ಕೆ ಉತ್ತರ ಸಿದ್ಧಪಡಿಸಿಕೊಂಡು ಬಂತು. ಕೊನೆಯ ಸಲ ಪ್ರಯೋಗಾಲಯದಲ್ಲೇ ಕೃತಕ ನಕ್ಷತ್ರಗಳನ್ನು ಮಾಡಿ, ಬೆಳಕನ್ನು ಅಷ್ಟೇ ಸೂಕ್ಷ್ಮವಾಗಿ ಕುಗ್ಗಿಸಿ, ನೌಕೆಯ ಸಣ್ಣ ನಡುಕದ ನಡುವೆಯೂ ಉಪಕರಣ ಅದನ್ನು ಹಿಡಿಯುತ್ತದೆಂದು ತೋರಿಸಿಕೊಟ್ಟಿತು. 2001ರಲ್ಲಿ ಒಪ್ಪಿಗೆ ಸಿಕ್ಕಿ 2009ರಲ್ಲಿ ಹಾರಿದ ಆ ನೌಕೆ 2,600ಕ್ಕೂ ಹೆಚ್ಚು ಗ್ರಹಗಳನ್ನು ಪತ್ತೆಮಾಡಿ, ಆಕಾಶದಲ್ಲಿ ನಕ್ಷತ್ರಗಳಷ್ಟೇ ಗ್ರಹಗಳೂ ಸಾಮಾನ್ಯ ಎಂಬ ತಿಳಿವಳಿಕೆಯನ್ನು ತಂದಿತು. ನಾಲ್ಕು ಸಲ ಬೇಡವೆಂದವರೂ ಆ ಯಶಸ್ಸಿನಲ್ಲಿ ಪಾಲುದಾರರು, ಏಕೆಂದರೆ ಹಣ ಕೊಡುವ ಮೊದಲೇ ಕಠಿಣ ಪ್ರಶ್ನೆಗಳನ್ನು ಕೇಳಿದರು.

ಇದಕ್ಕೆ ತದ್ವಿರುದ್ಧವಾದುದು, ಹಣ ಸುರಿದ ಮೇಲೆ ಕೈಬಿಡುವುದು. ಚಂದ್ರನ ದಕ್ಷಿಣ ಧ್ರುವದಲ್ಲಿ ನೀರಿನ ಮಂಜುಗಡ್ಡೆಯನ್ನು ಹುಡುಕಬೇಕಿದ್ದ ವೈಪರ್ ಎಂಬ ರೋವರ್ ಹೆಚ್ಚುಕಡಿಮೆ ಪೂರ್ತಿ ಜೋಡಣೆಯಾಗಿ, ಅದಕ್ಕೆ 45 ಕೋಟಿ ಡಾಲರ್ ಖರ್ಚಾದ ಮೇಲೆ, 2024ರ ಜುಲೈನಲ್ಲಿ ಯೋಜನೆ ರದ್ದಾಯಿತೆಂದು ಘೋಷಿಸಲಾಯಿತು. ಮರುವರ್ಷ ಅದನ್ನು ಖಾಸಗಿ ಲ್ಯಾಂಡರಿನಲ್ಲಿ ಕಳಿಸುವ ನಿರ್ಧಾರವಾಯಿತು. ನಡುವಿನ ಅನಿಶ್ಚಿತತೆಯಲ್ಲಿ ತಂಡಗಳು ಚದುರುತ್ತವೆ, ಕೈಪಳಗಿದವರು ಬೇರೆ ಕೆಲಸ ಹಿಡಿಯುತ್ತಾರೆ. ಬಾಹ್ಯಾಕಾಶ ಉಪಕರಣವನ್ನು ಕಟ್ಟುವ ಕೌಶಲ ಕಾಗದದಲ್ಲಿ ಉಳಿಯುವುದಕ್ಕಿಂತ ಹೆಚ್ಚಾಗಿ ಜನರ ಕೈಯಲ್ಲಿ ಉಳಿದಿರುತ್ತದೆ. ಒಂದು ವರ್ಷ ತುಂಬಿ ಕೊಟ್ಟು ಮರುವರ್ಷ ಅರ್ಧಕ್ಕೆ ಇಳಿಸುವ ಬಜೆಟ್ಟಿಗಿಂತ, ಪ್ರತಿ ವರ್ಷ ಸಾಧಾರಣ ಮೊತ್ತವನ್ನೇ ತಪ್ಪದೆ ಕೊಡುವ ಬಜೆಟ್ಟು ಹೆಚ್ಚು ವಿಜ್ಞಾನವನ್ನು ಕೊಡುತ್ತದೆ ಎಂದು ನಾನು ನಂಬುವುದು ಇದೇ ಕಾರಣಕ್ಕೆ.

ಬಂದ ದತ್ತಾಂಶವನ್ನು ಏನು ಮಾಡುತ್ತೇವೆ ಎಂಬುದೂ ಹೂಡಿಕೆಯ ಫಲವನ್ನು ನಿರ್ಧರಿಸುತ್ತದೆ. 1972ರಿಂದ ಭೂಮಿಯ ಮೇಲ್ಮೈಯನ್ನು ಚಿತ್ರಿಸುತ್ತ ಬಂದಿರುವ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳ ಮಾರಾಟವನ್ನು 1980ರ ದಶಕದಲ್ಲಿ ಖಾಸಗಿಯವರಿಗೆ ಒಪ್ಪಿಸಲಾಯಿತು. ಒಂದೊಂದು ಚಿತ್ರದ ಬೆಲೆ ನಾಲ್ಕು ಸಾವಿರ ಡಾಲರನ್ನೂ ದಾಟಿತು, ಕೊಳ್ಳಲಾಗದ ಸಂಶೋಧಕರು ದೂರವಾದರು. 1992ರಲ್ಲಿ ಕಾನೂನು ಬದಲಿಸಿ ವ್ಯವಸ್ಥೆಯನ್ನು ಸರ್ಕಾರಕ್ಕೆ ಮರಳಿಸಿದರೂ ಬೆಲೆ ಪೂರ್ತಿ ತೆಗೆದದ್ದು 2008ರಲ್ಲಿ. ಬೆಲೆಯಿದ್ದಾಗ ಅತ್ಯಂತ ಚೆನ್ನಾಗಿ ಮಾರಾಟವಾದ ವರ್ಷದಲ್ಲಿ ಹೋದದ್ದು ಸುಮಾರು 25,000 ಚಿತ್ರ. ಉಚಿತವಾದ ಕೆಲವೇ ವರ್ಷಗಳಲ್ಲಿ ಅದು ವರ್ಷಕ್ಕೆ ಇಪ್ಪತ್ತು ಲಕ್ಷ ದಾಟಿತು. ಉಪಗ್ರಹಗಳು ಹಳೆಯವೇ, ಖರ್ಚೂ ಹಳೆಯದೇ. ಕಾಡಿನ ನಾಶ, ಕೆರೆಗಳ ಹರವು, ಬೆಳೆಯ ಇಳುವರಿ ಇವುಗಳನ್ನು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರೂ ದಶಕಗಳ ಉದ್ದಕ್ಕೆ ಹಿಂತಿರುಗಿ ನೋಡುವಂತಾದದ್ದು ಬೀಗ ತೆಗೆದದ್ದರಿಂದ.

ಬಡ ದೇಶಗಳ ಮಾತು ಬಂದಾಗ ಅಬರ್ನಥಿ ಅವರ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಕ್ರಮ್ ಸಾರಾಭಾಯ್, ಚಂದ್ರನನ್ನೋ ಗ್ರಹಗಳನ್ನೋ ಮುಟ್ಟುವುದರಲ್ಲಿ ಸಿರಿವಂತ ದೇಶಗಳೊಡನೆ ಸ್ಪರ್ಧಿಸುವ ಕನಸು ತಮ್ಮದಲ್ಲವೆಂದು, ಜನರ ಸಮಸ್ಯೆಗಳಿಗೆ ತಂತ್ರಜ್ಞಾನವನ್ನು ಬಳಸುವುದೇ ಗುರಿಯೆಂದು ಸ್ಪಷ್ಟವಾಗಿ ಹೇಳಿದ್ದರು. ಆದರೆ ಅದೇ ಸಾರಾಭಾಯ್ ಮೂಲತಃ ವಿಶ್ವಕಿರಣಗಳ ವಿಜ್ಞಾನಿ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಊರಿನಿಂದ ಹಾರಿದ ಮೊದಲ ರಾಕೆಟ್ ಒಯ್ದದ್ದು ಮೇಲ್ವಾತಾವರಣದ ಅಧ್ಯಯನಕ್ಕೆಂದು ಫ್ರಾನ್ಸ್ ಕೊಟ್ಟಿದ್ದ ಸೋಡಿಯಂ ಆವಿಯನ್ನು. ಆ ಜಾಗವನ್ನು ಆರಿಸಿಕೊಂಡದ್ದೇ ಭೂಮಿಯ ಕಾಂತೀಯ ಸಮಭಾಜಕ ಅಲ್ಲಿ ಹಾದುಹೋಗುತ್ತದೆ ಎಂಬ ಕಾರಣಕ್ಕೆ. ವಿಜ್ಞಾನಕ್ಕಾಗಿ ಬಂದ ಕೈಗಳೇ ಮುಂದೆ ಹವಾಮಾನದ, ಸಂವಹನದ ಉಪಗ್ರಹಗಳನ್ನು ಕಟ್ಟಲು ಕಲಿತವು. ನಂತರದ ದಶಕಗಳಲ್ಲಿ ಆ ದೇಶ ಚಂದ್ರನಿಗೂ ಹೋಯಿತು: 2008ರ ಚಂದ್ರಯಾನ-1ರಲ್ಲಿದ್ದ ನಾಸಾ ಉಪಕರಣ ಚಂದ್ರನ ಮಣ್ಣಿನಲ್ಲಿ ನೀರಿನ ಕುರುಹು ಕಂಡಿತು, 2023ರ ಆಗಸ್ಟ್ 23ರಂದು ಸುಮಾರು 615 ಕೋಟಿ ರೂಪಾಯಿಯ ಚಂದ್ರಯಾನ-3 ದಕ್ಷಿಣ ಧ್ರುವದ ಸಮೀಪಕ್ಕೆ ಇಳಿಯಿತು. ಸೀಮಿತ ಹಣವಿರುವ ದೇಶಕ್ಕೆ ಇದರಲ್ಲಿ ಒಂದು ದಾರಿ ಕಾಣುತ್ತದೆ: ಎಲ್ಲವನ್ನೂ ತಾನೇ ಮಾಡಲು ಹೋಗದೆ, ತನ್ನ ಭೂಗೋಳವೋ ಕೌಶಲವೋ ವಿಶೇಷವಾಗಿ ಒದಗಿಬರುವ ಪ್ರಶ್ನೆಯೊಂದನ್ನು ಆರಿಸಿಕೊಂಡು, ಉಳಿದುದನ್ನು ಇತರರೊಡನೆ ಹಂಚಿಕೊಳ್ಳುವುದು. ಬರಿಯ ಮೊದಲಿಗನಾಗುವ ಹಂಬಲಕ್ಕೆ ಕೊಟ್ಟ ಹಣವನ್ನು ಮಾತ್ರ ಬಡವರ ಎದುರು ಸಮರ್ಥಿಸುವುದು ಕಷ್ಟ.

2025ರ ಪ್ರಸ್ತಾವದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಒಟ್ಟು ಮೊತ್ತವಲ್ಲ, ನಿಲ್ಲಿಸಬೇಕೆಂದು ಸೂಚಿಸಿದ ನೌಕೆಗಳ ಪಟ್ಟಿ. ಅದರಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ ನೌಕೆಗಳಿದ್ದವು. ನ್ಯೂ ಹೊರೈಜನ್ಸ್ ಅವುಗಳಲ್ಲಿ ಒಂದು. 2006ರ ಜನವರಿಯಲ್ಲಿ ಹೊರಟು, ಒಂಬತ್ತೂವರೆ ವರ್ಷ ಸಾಗಿ, 2015ರ ಜುಲೈ 14ರಂದು ಪ್ಲೂಟೊವನ್ನು ಹಾದು ಅದು ಈಗ ಸೂರ್ಯನಿಂದ ಭೂಮಿಗಿರುವ ದೂರದ ಅರವತ್ತು ಪಟ್ಟಿಗೂ ಆಚೆ ಇದೆ. ಅಲ್ಲಿಂದ ಹೊರಟ ರೇಡಿಯೊ ಸಂಕೇತ ಭೂಮಿಗೆ ಬರಲು ಎಂಟು ತಾಸಿಗಿಂತ ಹೆಚ್ಚು ಬೇಕು. ಕಟ್ಟುವ ಹಣ, ಹಾರಿಸುವ ಹಣ, ಅಷ್ಟು ದೂರ ಸಾಗಿದ ಎರಡು ದಶಕ ಎಲ್ಲವೂ ಈಗಾಗಲೇ ಖರ್ಚಾಗಿವೆ. ಉಳಿದಿರುವುದು, ಆ ಕ್ಷೀಣ ದನಿಯನ್ನು ಕೇಳಿಸಿಕೊಳ್ಳಲು ಒಂದು ದೊಡ್ಡ ತಟ್ಟೆಯನ್ನು ಆಗಾಗ ಅತ್ತ ತಿರುಗಿಸುವ ಖರ್ಚು, ಬಂದದ್ದನ್ನು ಓದುವ ಕೆಲವರ ಸಂಬಳ. ಇದನ್ನು ಕೈಬಿಟ್ಟು, ಮನಸ್ಸು ಬದಲಾಗಿ ಇನ್ನೊಂದನ್ನು ನಾಳೆಯೇ ಹಾರಿಸಿದರೂ, ಅದೇ ವೇಗದಲ್ಲಿ ಅದು ಇಂದಿನ ಆ ಜಾಗವನ್ನು ಮುಟ್ಟುವಷ್ಟರಲ್ಲಿ ಇನ್ನೆರಡು ದಶಕ ಕಳೆದಿರುತ್ತದೆ.